ಕರಾವಳಿಯ ಬ್ಯಾಟರಿ ಸಂಶೋಧನೆ ನಾಣ್ಯದಷ್ಟು ಸಣ್ಣ ಕಾಯಿನ್ ಸೆಲ್‌ನಲ್ಲೇ ನಿಂತುಬಿಟ್ಟಿದೆ: ನಮ್ಮ ಜನಪ್ರತಿನಿಧಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಮಾನ್ಯ ಸಂಸದರು, ಶಾಸಕರು, ವಿಧಾನ ಪರಿಷತ್ ಸದಸ್ಯರು ಹಾಗೂ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ವಿಷಯ: ಕರಾವಳಿಯ ಎಲ್ಲ ಕಾಲೇಜುಗಳ ಸಂಶೋಧಕರೂ ಬಳಸಬಹುದಾದ ಒಂದು ಬ್ಯಾಟರಿ ಸೆಲ್ ತಯಾರಿಕೆ ಮತ್ತು ಪರೀಕ್ಷಾ ಕೇಂದ್ರಕ್ಕಾಗಿ ಮನವಿ.

ಮಾನ್ಯರೇ,

ನಾನು ಉಡುಪಿ ಜಿಲ್ಲೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಜೊತೆಗೆ ಪಿಎಚ್‌ಡಿ ಮಾಡುವ ಕೆಲವು ಮಕ್ಕಳಿಗೆ ಗೈಡ್ ಆಗಿದ್ದೇನೆ. ರೀಚಾರ್ಜ್ ಮಾಡುವ ಬ್ಯಾಟರಿಗಳಿಗೆ ಬೇಕಾದ ವಸ್ತುಗಳನ್ನು ತಯಾರಿಸುವುದು ನಮ್ಮ ಕೆಲಸ. ಅಂದರೆ ಹಲವು ಸೆಲ್‌ಗಳನ್ನು ಸೇರಿಸಿ ಬ್ಯಾಟರಿ ಪ್ಯಾಕ್ ಜೋಡಿಸುವುದಲ್ಲ. ಸೆಲ್‌ನ ಒಳಗೆ ತೆಳುವಾದ ಹಾಳೆಯ ಮೇಲೆ ಹಚ್ಚಿದ ಕಪ್ಪು ಪುಡಿ ಇರುತ್ತದೆ. ಕರೆಂಟು ನಿಜವಾಗಿ ಕೂಡಿಡುವುದು ಅದೇ. ಆ ಪುಡಿಯನ್ನು ಇನ್ನೂ ಅಗ್ಗವಾಗಿ, ಇನ್ನೂ ಬಾಳಿಕೆ ಬರುವಂತೆ ಮಾಡಲು ನಾವು ಪ್ರಯತ್ನಿಸುತ್ತಿದ್ದೇವೆ.

ಎಲೆಕ್ಟ್ರಿಕ್ ವಾಹನ, ಸೋಲಾರ್, ಹಸಿರು ಇಂಧನ ಅಂತ ತಾವೆಲ್ಲರೂ ವೇದಿಕೆಗಳಲ್ಲಿ ಮಾತನಾಡುವುದನ್ನು ಕೇಳುತ್ತೇನೆ. ಅದು ಸಂತೋಷದ ವಿಷಯವೇ. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದದ್ದು ನಮ್ಮ ರಾಜ್ಯ. ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಆದರೆ ಸಂಜೆ ಸೂರ್ಯ ಮುಳುಗಿದ ಮೇಲೆ ಆ ಕರೆಂಟು ಎಲ್ಲಿಂದ ಬರಬೇಕು? ಹಗಲು ಹುಟ್ಟಿದ ಕರೆಂಟನ್ನು ಎಲ್ಲಾದರೂ ಇಟ್ಟಿರಬೇಕು ಅಲ್ವಾ? ಬೆಟ್ಟದ ಮೇಲಕ್ಕೆ ನೀರೆತ್ತಿ ಇಡುವುದು ಒಂದು ದಾರಿ. ಅದಕ್ಕೆ ಶರಾವತಿ ಕಣಿವೆಯ ಕಾಡು ಕಡಿಯಬೇಕಾಗುತ್ತದೆ ಅಂತ ಅಲ್ಲಿನ ಜನ ಹೋರಾಡುತ್ತಿದ್ದಾರೆ. ಇನ್ನೊಂದು ದಾರಿ ಬ್ಯಾಟರಿ. ಅದರಲ್ಲಿ ಹೋಗುವುದಾದರೆ ಇವತ್ತು ನಾವು ಸೆಲ್‌ಗಳಿಗೆ ಚೀನಾದ ಕಡೆ ನೋಡಬೇಕು. ಇಲ್ಲಿ ಪ್ಯಾಕ್ ಜೋಡಿಸುವವರು ಬಹಳ ಜನ ಇದ್ದಾರೆ. ಒಳಗಿನ ಸೆಲ್ ಮಾತ್ರ ಹೆಚ್ಚಿನಂಶ ಹೊರಗಿನಿಂದಲೇ ಬರುತ್ತದೆ. ಇದನ್ನು ಬದಲಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ 18,100 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ತಂದಿತು. ಅದು ದೊಡ್ಡ ಕಾರ್ಖಾನೆಗಳಿಗೆ. ಕಾರ್ಖಾನೆಗೆ ಬೇಕಾದ ವಸ್ತು, ಅದನ್ನು ಬಲ್ಲ ಜನ ಎಲ್ಲಿ ತಯಾರಾಗಬೇಕು ಎಂಬುದರ ಬಗ್ಗೆ ನಾನು ಮಾತನಾಡಲು ಹೊರಟಿದ್ದೇನೆ.

ಕರಾವಳಿಗೂ ಇದಕ್ಕೂ ಏನು ಸಂಬಂಧ ಅಂತ ತಾವು ಕೇಳಬಹುದು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಲಿಥಿಯಂ ನಮ್ಮಲ್ಲಿ ಕಡಿಮೆ. ಮಂಡ್ಯದ ಮರಳಗಾಲದಲ್ಲಿ ಸಿಕ್ಕಿದೆ, ಜಮ್ಮುವಿನ ರಿಯಾಸಿಯಲ್ಲಿ ಸಿಕ್ಕಿದೆ ಅಂತ ಸುದ್ದಿ ಬಂದವು. ಆದರೆ ನೆಲದಲ್ಲಿ ಇದೆ ಅನ್ನುವುದಕ್ಕೂ ಅದು ಬ್ಯಾಟರಿಯ ಒಳಗೆ ಬರುವುದಕ್ಕೂ ಬಹಳ ದೂರ. ಹಾಗಾಗಿ ಪ್ರಪಂಚದಾದ್ಯಂತ ಸಂಶೋಧಕರು ಲಿಥಿಯಂ ಜಾಗದಲ್ಲಿ ಸೋಡಿಯಂ ಬಳಸುವ ಬ್ಯಾಟರಿಯ ಬೆನ್ನು ಹತ್ತಿದ್ದಾರೆ. ಸೋಡಿಯಂ ಅಂದರೆ ನಮ್ಮ ಅಡುಗೆ ಉಪ್ಪಿನಲ್ಲಿ ಇರುವುದೇ. ಚೀನಾದ ಸಿಎಟಿಎಲ್ ಕಂಪನಿ 2021ರಲ್ಲೇ ಸೋಡಿಯಂ ಸೆಲ್ ತೋರಿಸಿತು. ಬ್ರಿಟನ್ನಿನ ಫ್ಯಾರಡಿಯನ್ ಎಂಬ ಸೋಡಿಯಂ ಬ್ಯಾಟರಿ ಕಂಪನಿಯನ್ನು ನಮ್ಮ ರಿಲಯನ್ಸ್ ಕೊಂಡುಕೊಂಡಿತು. ಅಷ್ಟರಮಟ್ಟಿಗೆ ಇದು ಪ್ರಯೋಗಾಲಯದ ಕನಸಾಗಿ ಉಳಿದಿಲ್ಲ.

ಆದರೆ ಒಂದು ತೊಡಕಿದೆ. ಲಿಥಿಯಂ ಸೆಲ್‌ನ ಒಂದು ಬದಿಯಲ್ಲಿ ಗ್ರಾಫೈಟ್ ಇರುತ್ತದೆ. ಅದರ ಪದರಗಳ ನಡುವೆ ಲಿಥಿಯಂ ಹೋಗಿ ಕೂರುತ್ತದೆ, ಬೇಕಾದಾಗ ಹೊರಗೆ ಬರುತ್ತದೆ. ಸೋಡಿಯಂ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಅದಕ್ಕೆ ಬೇರೆ ಬಗೆಯ ಇಂಗಾಲ ಬೇಕು. ಪದರಗಳು ಅಡ್ಡಾದಿಡ್ಡಿಯಾಗಿ, ನಡುವೆ ಸಣ್ಣ ಸಣ್ಣ ಟೊಳ್ಳುಗಳಿರುವ ಇಂಗಾಲ. ಅದಕ್ಕೆ ಹಾರ್ಡ್ ಕಾರ್ಬನ್ ಅನ್ನುತ್ತಾರೆ. ಇದನ್ನು ಮಾಡಲು ಸುಲಭದ ಕಚ್ಚಾವಸ್ತು ಯಾವುದು ಗೊತ್ತಾ? ತೆಂಗಿನ ಗೆರಟೆ, ಮರದ ಹೊಟ್ಟು, ಸಿಪ್ಪೆ. ಗಟ್ಟಿ ನಾರಿರುವ ಇಂಥ ಯಾವುದನ್ನಾದರೂ ತೊಳೆದು, ಆಮ್ಲದಲ್ಲಿ ನೆನೆಸಿ ಖನಿಜಗಳನ್ನು ತೆಗೆದು, ಗಾಳಿ ತಾಗದಂತೆ 1,200ರಿಂದ 1,400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಹಾರ್ಡ್ ಕಾರ್ಬನ್ ಆಗುತ್ತದೆ. ಜಪಾನಿನ ಕುರಾರೆ ಎಂಬ ಕಂಪನಿ ತೆಂಗಿನ ಗೆರಟೆಯಿಂದ ಇದನ್ನು ಮಾಡಿ ಮಾರುತ್ತದೆ. ಗೆರಟೆ ನಮ್ಮದು, ವ್ಯಾಪಾರ ಅವರದು ಅಂತ ಆಗಬಾರದಲ್ಲ.

ಈಗ ನಮ್ಮ ಜಿಲ್ಲೆಗಳನ್ನು ನೋಡಿ. ಪುತ್ತೂರು, ಬಂಟ್ವಾಳ, ಬೆಳ್ತಂಗಡಿ, ಕಾರ್ಕಳದ ಕಡೆ ಅಡಿಕೆ ಸುಲಿದ ಮೇಲೆ ಸಿಪ್ಪೆ ರಾಶಿ ಬೀಳುತ್ತದೆ. ಒಂದಿಷ್ಟು ತೋಟದ ಬುಡಕ್ಕೆ ಹೋಗುತ್ತದೆ, ಒಂದಿಷ್ಟು ಬಚ್ಚಲಿನ ಒಲೆಗೆ, ಉಳಿದದ್ದು ಸುಮ್ನೆ ಕೊಳೆಯುತ್ತದೆ. ಗೇರುಬೀಜದ ಕಾರ್ಖಾನೆಗಳಿವೆ, ಅಲ್ಲಿ ಸಿಪ್ಪೆ ಇದೆ. ಪುತ್ತೂರಿನಲ್ಲಿ ಕೇಂದ್ರ ಸರ್ಕಾರದ ಗೇರು ಸಂಶೋಧನಾ ನಿರ್ದೇಶನಾಲಯ ಇದೆ. ವಿಟ್ಲದಲ್ಲಿ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಇದೆ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ 1973ರಿಂದ ಮಂಗಳೂರಿನಲ್ಲಿದೆ. ಸುರತ್ಕಲ್‌ನಲ್ಲಿ 1960ರಲ್ಲಿ ಕೆಆರ್‌ಇಸಿ ಆಗಿ ಹುಟ್ಟಿದ ಎನ್‌ಐಟಿಕೆ, ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ, ಮಣಿಪಾಲದಲ್ಲಿ 1957ರಿಂದ ನಡೆಯುತ್ತಿರುವ ಎಂಜಿನಿಯರಿಂಗ್ ಕಾಲೇಜು, ಅವುಗಳ ಸುತ್ತ ಹತ್ತಾರು ಸಣ್ಣ ಕಾಲೇಜುಗಳು. ಪಣಂಬೂರಿನಲ್ಲಿ ಬಂದರು. ಕುತ್ತೆತ್ತೂರಿನ ರಿಫೈನರಿಯಿಂದ ಪೆಟ್ರೋಲಿಯಂ ಕೋಕ್ ಎಂಬ ಇಂಗಾಲದ ಗಟ್ಟಿ ಉಳಿಕೆ ಹೊರಬರುತ್ತದೆ. ಜಪಾನಿನ ವಿಜ್ಞಾನಿ ಅಕಿರಾ ಯೋಶಿನೊ 1985ರಲ್ಲಿ ಮೊದಲ ಸುರಕ್ಷಿತ ಲಿಥಿಯಂ ಅಯಾನ್ ಸೆಲ್ ಮಾಡಿದ್ದು ಪೆಟ್ರೋಲಿಯಂ ಕೋಕ್ ಬಳಸಿಯೇ. ಉರಿಸಲು ಮಾರುವ ಕೋಕ್‌ನಲ್ಲಿ ಗಂಧಕ ಜಾಸ್ತಿ, ಅದನ್ನು ನೇರವಾಗಿ ಸೆಲ್‌ಗೆ ಹಾಕಲು ಬರುವುದಿಲ್ಲ ನಿಜ. ಹೇಗೆ ಶುದ್ಧ ಮಾಡಬೇಕು ಎಂಬುದೇ ಒಳ್ಳೆಯ ಸಂಶೋಧನೆ. ಇಷ್ಟೆಲ್ಲ ಎರಡು ಜಿಲ್ಲೆಗಳೊಳಗೆ ಇದೆ. ಬೇರೆ ಯಾವ ಊರಿನಲ್ಲಿ ಬೆಳೆ, ಕಾರ್ಖಾನೆ, ಕಾಲೇಜು, ಬಂದರು ಇಷ್ಟು ಹತ್ತಿರ ಇವೆ?

ಹಾಗಾದರೆ ಕೆಲಸ ಎಲ್ಲಿ ನಿಂತಿದೆ? ನಮ್ಮ ಪ್ರಯೋಗಾಲಯದಲ್ಲಿ ಆಗುವುದನ್ನೇ ಹೇಳುತ್ತೇನೆ.

ನಾವು ಸಿಪ್ಪೆಯಿಂದ ಇಂಗಾಲ ಮಾಡುತ್ತೇವೆ. ಅದನ್ನು ಅಂಟಿನ ಜೊತೆ ಕಲಸಿ ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳುವಾಗಿ ಬಳಿಯುತ್ತೇವೆ. ಒಣಗಿಸಿ, ಬಿಲ್ಲೆಗಳಾಗಿ ಕತ್ತರಿಸಿ, ಆರ್ಗಾನ್ ಅನಿಲ ತುಂಬಿದ ಗ್ಲೋವ್ ಬಾಕ್ಸ್‌ನೊಳಗೆ (ಹೊರಗಿನ ಗಾಳಿ ಬರದ, ಕೈಗವಸಿನ ಮೂಲಕ ಕೈ ಹಾಕಿ ಕೆಲಸ ಮಾಡುವ ಪೆಟ್ಟಿಗೆ) ಕಾಯಿನ್ ಸೆಲ್ ಮಾಡುತ್ತೇವೆ. ಇದು ಕಾರಿನ ಕೀಲಿಯಲ್ಲಿ ಇರುತ್ತದಲ್ಲ, 20 ಮಿಲಿಮೀಟರ್ ಅಗಲದ ಸಣ್ಣ ಸೆಲ್, ಅದೇ ಅಳತೆಯದು. ಇದರಲ್ಲಿ ನಾವು ಮಾಡಿದ ಪುಡಿ ಕೆಲವೇ ಮಿಲಿಗ್ರಾಂ ಇರುತ್ತದೆ. ಆ ಸೆಲ್ ಚೆನ್ನಾಗಿ ನಡೆದರೆ ಒಂದು ಪ್ರಬಂಧ ಪ್ರಕಟವಾಗುತ್ತದೆ, ವಿದ್ಯಾರ್ಥಿಗೆ ಪಿಎಚ್‌ಡಿ ಸಿಗುತ್ತದೆ. ಅಲ್ಲಿಗೆ ಮುಗಿಯಿತು. ಯಾರಾದರೂ ಉದ್ಯಮಿ ಬಂದು ಕೇಳಿದರೆ ಅವರ ಮೊದಲ ಪ್ರಶ್ನೆ ಒಂದೇ: "ಪೌಚ್ ಸೆಲ್‌ನಲ್ಲಿ ಹಾಕಿ ನೋಡಿದ್ದೀರಾ ಮೇಡಂ?" ಪೌಚ್ ಸೆಲ್ ಅಂದರೆ ಮೊಬೈಲಿನೊಳಗೆ ಇರುವಂಥ ಚಪ್ಪಟೆ ಸೆಲ್. ಅದರಲ್ಲಿ ನೂರಾರು ಸಾವಿರಾರು ಸಲ ಚಾರ್ಜ್ ಮಾಡಿ ತೋರಿಸದೆ ಯಾರೂ ಒಂದು ರೂಪಾಯಿ ಹಾಕುವುದಿಲ್ಲ. ಅವರು ಕೇಳುವುದು ತಪ್ಪಲ್ಲ. ಒಂದು ಲೆಕ್ಕ ಹೇಳುತ್ತೇನೆ. ಸ್ಕೂಟರಿಗೆ ಹಾಕುವಂಥ ಮೂರು ಯೂನಿಟ್ ಕರೆಂಟು ಹಿಡಿಸುವ ಸೋಡಿಯಂ ಬ್ಯಾಟರಿಗೆ ಹಾರ್ಡ್ ಕಾರ್ಬನ್ ಮೂರರಿಂದ ನಾಲ್ಕು ಕೆಜಿ ಬೇಕು. ನಮ್ಮ ಸೆಲ್‌ನಲ್ಲಿ ಇರುವುದು ಕೆಲವು ಮಿಲಿಗ್ರಾಂ. ಲಕ್ಷಗಟ್ಟಲೆ ಪಟ್ಟು ಕಡಿಮೆ ಅಳತೆಯಲ್ಲಿ ಗೆದ್ದದ್ದು ಕೆಜಿಗಟ್ಟಲೆ ಮಾಡಿದಾಗಲೂ ಗೆಲ್ಲುತ್ತದೆ ಅಂತ ಯಾರೂ ಹೇಳಲಾರರು. ಪರೀಕ್ಷೆ ಮಾಡಿಯೇ ತಿಳಿಯಬೇಕು. ಆ ಪರೀಕ್ಷೆಗೆ ನಮ್ಮಂಥ ಕಾಲೇಜಿನವರಿಗೆ ಇಲ್ಲಿ ಜಾಗ ಸಿಗುತ್ತಿಲ್ಲ.

ದೊಡ್ಡ ಸಂಸ್ಥೆಗಳಲ್ಲಿ ಒಳ್ಳೆಯ ಯಂತ್ರಗಳಿವೆ, ಅಲ್ಲಿಗೆ ಹೋಗಬಾರದೇ ಎಂದು ಕೇಳಬಹುದು. ಹೋಗುತ್ತೇವೆ. ಕೇಂದ್ರ ಸರ್ಕಾರದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ದೇಶದ ಎಷ್ಟೋ ಯಂತ್ರಗಳನ್ನು ಹಣ ಕಟ್ಟಿ ಬುಕ್ ಮಾಡಬಹುದು. ಎಕ್ಸ್‌-ರೇ ಹಾಯಿಸಿ ಹರಳಿನ ರಚನೆ ನೋಡಲು, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಚಿತ್ರ ತೆಗೆಸಲು ಅದು ನಿಜಕ್ಕೂ ಉಪಕಾರ. ಅವು ಗಂಟೆಗಳ ಕೆಲಸ. ಬ್ಯಾಟರಿಯದ್ದು ಹಾಗಲ್ಲ. ಒಂದು ಗಂಟೆ ಚಾರ್ಜ್, ಒಂದು ಗಂಟೆ ಡಿಸ್ಚಾರ್ಜ್ ಅಂತ ಇಟ್ಟುಕೊಂಡರೂ 1,000 ಸಲಕ್ಕೆ 2,000 ಗಂಟೆ. ಅಂದರೆ ಹಗಲು ರಾತ್ರಿ ನಿಲ್ಲದೆ ಸುಮಾರು 83 ದಿನ. ಎರಡೆರಡು ಗಂಟೆ ಇಟ್ಟುಕೊಂಡು ನಿಧಾನಕ್ಕೆ ಮಾಡಿದರೆ ಐದೂವರೆ ತಿಂಗಳು. ಅಷ್ಟು ದಿನ ತಮ್ಮ ಪರೀಕ್ಷಾ ಯಂತ್ರದ ಒಂದು ಚಾನೆಲ್ಲನ್ನು, ಅಂದರೆ ಒಂದು ಸೆಲ್ ಜೋಡಿಸುವ ಜಾಗವನ್ನು, ಹೊರಗಿನ ಕಾಲೇಜಿನ ಹುಡುಗಿಗೆ ಬಿಟ್ಟುಕೊಡಲು ಯಾವ ಸಂಸ್ಥೆಗೂ ಆಗುವುದಿಲ್ಲ. ಅವರ ಮಕ್ಕಳೇ ಸರತಿಯಲ್ಲಿ ನಿಂತಿರುತ್ತಾರೆ. ಅವರನ್ನು ನಾನು ದೂರುವುದಿಲ್ಲ.

ಬೆಂಗಳೂರಿಗೆ ಕಳಿಸೋಣ ಅಂದರೆ ಅದಕ್ಕೂ ಅಡ್ಡಿ. ಬ್ಯಾಟರಿ ಅಂದ ಕೂಡಲೇ ಕೊರಿಯರ್‌ನವರು ಬೇಡ ಅನ್ನುತ್ತಾರೆ. ವಿದ್ಯಾರ್ಥಿಗಳು ಮಾದರಿಗಳನ್ನು ಗಾಳಿ ಹೋಗದ ಡಬ್ಬಿಯಲ್ಲಿ ಮುಚ್ಚಿ ರಾತ್ರಿ ಬಸ್ಸಿನಲ್ಲಿ ಒಯ್ಯುತ್ತಾರೆ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ.

ಮಳೆಯ ಮಾತು ಬಂತು. ಇದನ್ನು ಸ್ವಲ್ಪ ಗಮನವಿಟ್ಟು ಓದಬೇಕೆಂದು ಕೋರುತ್ತೇನೆ, ಯಾಕೆಂದರೆ ಬೆಂಗಳೂರು ದೆಹಲಿಗಳಲ್ಲಿ ಕೂತು ಯೋಜನೆ ಮಾಡುವವರಿಗೆ ಇದು ಹೊಳೆಯುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಬ್ಯಾಟರಿಯ ಒಳಗಿನ ವಸ್ತುಗಳಿಗೆ ನೀರಿಗಿಂತ ದೊಡ್ಡ ಶತ್ರು ಇಲ್ಲ. ಸೋಡಿಯಂ ಸೆಲ್‌ನ ಇನ್ನೊಂದು ಬದಿಗೆ ಬಳಸುವ ಪದರ ಪದರದ ಆಕ್ಸೈಡ್‌ಗಳು ಗಾಳಿಯ ತೇವವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಎಳೆದುಕೊಂಡು ಹಾಳಾಗುತ್ತವೆ. ಸೆಲ್‌ನ ದ್ರವಕ್ಕೆ ಹಾಕುವ ಹೆಕ್ಸಾಫ್ಲೋರೋಫಾಸ್ಫೇಟ್ ಲವಣಕ್ಕೆ ಒಂದಿಷ್ಟು ತೇವ ಸೇರಿದರೂ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ, ಅದು ಸೆಲ್ಲನ್ನು ಒಳಗಿನಿಂದ ತಿನ್ನುತ್ತದೆ. ಅದಕ್ಕೇ ಗ್ಲೋವ್ ಬಾಕ್ಸ್‌ನೊಳಗೆ ನೀರಿನ ಅಂಶ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ ಇರಬೇಕು. ಪೌಚ್ ಸೆಲ್ ಮಾಡಲು ಇಡೀ ಕೋಣೆಯೇ ಒಣಗಿರಬೇಕು. ಎಷ್ಟು ಅಂದರೆ ಮೈನಸ್ 40 ಡಿಗ್ರಿಗೆ ಇಳಿದರೆ ಮಾತ್ರ ಇಬ್ಬನಿ ಕಟ್ಟುವಷ್ಟು. ಮಳೆಗಾಲದಲ್ಲಿ ನಮ್ಮ ಹೊರಗಿನ ಗಾಳಿ 24, 25 ಡಿಗ್ರಿಯಲ್ಲೇ ಇಬ್ಬನಿ ಕಟ್ಟುತ್ತದೆ. ಇಲ್ಲಿ ಅಂಥ ಡ್ರೈ ರೂಮ್ ನಡೆಸಲು ಬಯಲುಸೀಮೆಗಿಂತ ಕರೆಂಟು ಜಾಸ್ತಿ ಬೇಕು, ಹಣ ಜಾಸ್ತಿ ಬೇಕು. ಒಂದೊಂದು ಕಾಲೇಜು ತನ್ನದೇ ಡ್ರೈ ರೂಮ್ ಕಟ್ಟುವುದು ಅಸಾಧ್ಯ. ಕಟ್ಟಲೂಬಾರದು. ಎಲ್ಲರಿಗೂ ಸೇರಿ ಒಂದು ಸಾಕು.

ಒಂದು ಜುಲೈನಲ್ಲಿ ನಮ್ಮಲ್ಲಿ ನಡೆದದ್ದನ್ನು ಹೇಳಬೇಕು. ಗಾಳಿ ಮಳೆಗೆ ಮರ ಬಿದ್ದು ರಾತ್ರಿಯಿಡೀ ಕರೆಂಟು ಇರಲಿಲ್ಲ. ಯುಪಿಎಸ್‌ನ ಬ್ಯಾಟರಿಗಳು ಹಳೆಯವು, ಸ್ವಲ್ಪ ಹೊತ್ತಿನಲ್ಲೇ ಕೈಕೊಟ್ಟವು. ಪರೀಕ್ಷಾ ಯಂತ್ರದಲ್ಲಿ ತಿಂಗಳುಗಳಿಂದ ಓಡುತ್ತಿದ್ದ ಸೆಲ್‌ಗಳು ನಡುವೆಯೇ ನಿಂತವು, ಕಂಪ್ಯೂಟರಿನಲ್ಲಿದ್ದ ಫೈಲು ಕೆಟ್ಟಿತು. ಗ್ಲೋವ್ ಬಾಕ್ಸ್‌ನ ಅನಿಲ ಶುದ್ಧ ಮಾಡುವ ಪಂಪು ನಿಂತು ತೇವ ಏರಿತು. ಒಳಗಿಟ್ಟ ಸೋಡಿಯಂ ತುಂಡುಗಳ ಮೇಲೆ ಬೆಳಗಾಗುವಷ್ಟರಲ್ಲಿ ಬಿಳಿ ಹೊಪ್ಪಳಿಕೆ. ಆ ಕೆಲಸ ಒಬ್ಬಳು ವಿದ್ಯಾರ್ಥಿನಿಯದು. ಅವಳು ಅತ್ತಿಲ್ಲ. ಮೊದಲಿನಿಂದ ಮಾಡುತ್ತೇನೆ ಮೇಡಂ ಅಂದಳು.

ಮರ ಬೀಳುವುದು ಯಾರ ತಪ್ಪೂ ಅಲ್ಲ. ಆದರೆ ಯುಪಿಎಸ್‌ನ ಬ್ಯಾಟರಿ ಬದಲಾಯಿಸಲು ನಾವು ಅದಕ್ಕೂ ಬಹಳ ಮೊದಲೇ ಬರೆದಿದ್ದೆವು. ನಮ್ಮ ಪ್ರಾಜೆಕ್ಟಿಗೆ ಹಣ ಕೊಡುವ ಸಂಸ್ಥೆಯ ಉತ್ತರ ಹೀಗಿತ್ತು: ಅದು ರಾಸಾಯನಿಕಗಳ ಲೆಕ್ಕದಲ್ಲಿ ಬರುವುದಿಲ್ಲ, ಉಪಕರಣಗಳ ಲೆಕ್ಕದ ಹಣ ಮುಗಿದಿದೆ. ಒಂದು ಲೆಕ್ಕದಲ್ಲಿ ಹಣ ಉಳಿದಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಉಳಿದ ಹಣ ಮಾರ್ಚ್ 31ಕ್ಕೆ ವಾಪಸ್ ಹೋಯಿತು. ಕಂತು ಬರುವುದೇ ಜನವರಿ, ಫೆಬ್ರವರಿಗೆ. ವಿದೇಶದಿಂದ ತರಿಸುವ ಸಾಮಾನು ಬರಲು ತಿಂಗಳುಗಳು ಬೇಕು. ಅಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಖರ್ಚು ಮಾಡಲಿಲ್ಲ ಅಂತ ಮುಂದಿನ ಕಂತು ಕಡಿಮೆಯಾಗುತ್ತದೆ. ಪ್ರಾಜೆಕ್ಟು ಮಾಡುವ ಯಾವ ಅಧ್ಯಾಪಕರನ್ನು ಬೇಕಾದರೂ ಕೇಳಿ, ಇದೇ ಕಥೆ ಹೇಳುತ್ತಾರೆ.

ಆ ಹುಡುಗಿಯ ಫೆಲೋಶಿಪ್ ಕೂಡ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು. 2023ರ ಜನವರಿಯಿಂದ ಕೇಂದ್ರದ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಮೊತ್ತ ತಿಂಗಳಿಗೆ 31,000ದಿಂದ 37,000 ರೂಪಾಯಿಗೆ ಏರಿದೆ. ಆದರೆ ಅದು ಎಲ್ಲರಿಗೂ ಸಿಗುವುದಿಲ್ಲ. ಸಣ್ಣ ಕಾಲೇಜುಗಳ ಎಷ್ಟೋ ಮಕ್ಕಳು ಇದರ ಅರ್ಧಕ್ಕೂ ಕಡಿಮೆಯಲ್ಲಿ ದುಡಿಯುತ್ತಾರೆ. ಸಂಜೆ ಟ್ಯೂಷನ್ ಹೇಳಿ ಪಿಜಿಯ ಬಾಡಿಗೆ ಕಟ್ಟುತ್ತಾರೆ. ಅವಳ ತಂದೆಯದ್ದು ಅಡಿಕೆ ತೋಟ, ಹಳದಿ ಎಲೆ ರೋಗ ಬಂದು ಫಸಲು ಇಳಿದಿತ್ತು. ಕೊನೆಗೆ ಅವಳು ಬ್ಯಾಂಕ್ ಪರೀಕ್ಷೆ ಬರೆದು ಕೆಲಸಕ್ಕೆ ಸೇರಿದಳು. ಪಿಎಚ್‌ಡಿ ಬಿಟ್ಟಳು. ಬ್ಯಾಂಕ್ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ಆದರೆ ಅಡಿಕೆ ಸಿಪ್ಪೆಯ ಇಂಗಾಲದಲ್ಲಿ ಸೋಡಿಯಂ ಹೇಗೆ ಕೂರುತ್ತದೆ ಅಂತ ಅಷ್ಟು ಚೆನ್ನಾಗಿ ಬಲ್ಲವರು ಈ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರು? ಅವಳು ಕಲಿತದ್ದು ಅವಳ ಜೊತೆಗೇ ಹೊರಟುಹೋಯಿತು.

ಇಂಥ ಕೆಲಸಕ್ಕೆ ತಾಳ್ಮೆ ಬೇಕು ಅನ್ನುವುದಕ್ಕೆ ಲಿಥಿಯಂ ಬ್ಯಾಟರಿಯ ಚರಿತ್ರೆಯೇ ಸಾಕ್ಷಿ. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಶುರು ಮಾಡಿದರು. 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಾನ್ ಗುಡ್‌ಇನಫ್ ಅವರ ತಂಡ ಸೆಲ್‌ನ ಒಂದು ಬದಿಗೆ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಬಳಸಬಹುದೆಂದು ತೋರಿಸಿತು. ಸೋನಿ ಕಂಪನಿ ಅಂಗಡಿಗೆ ತಂದದ್ದು 1991ರಲ್ಲಿ. ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೊ ಮೂವರಿಗೂ ನೊಬೆಲ್ ಬಂದದ್ದು 2019ರಲ್ಲಿ, ಆಗ ಗುಡ್‌ಇನಫ್ ಅವರಿಗೆ 97 ವರ್ಷ. ಇವತ್ತು ಎಷ್ಟೋ ರಿಕ್ಷಾ, ಬಸ್ಸು, ಕಾರುಗಳಲ್ಲಿರುವ ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗೆ ದಾರಿ ತೋರಿಸಿದ 1997ರ ಪ್ರಬಂಧದಲ್ಲಿ ಗುಡ್‌ಇನಫ್ ಜೊತೆಗೆ ಇರುವ ಹೆಸರುಗಳು ಎ.ಕೆ. ಪಾಢಿ ಮತ್ತು ಕೆ.ಎಸ್. ನಂಜುಂಡಸ್ವಾಮಿ. ಗುಡ್‌ಇನಫ್ ಪರವಾಗಿ ನೊಬೆಲ್ ಉಪನ್ಯಾಸ ಓದಿದವರು ತಮಿಳುನಾಡಿನಲ್ಲಿ ಹುಟ್ಟಿದ ಅರುಮುಗಂ ಮಂತಿರಂ. ನಮ್ಮವರಿಗೆ ಬುದ್ಧಿ ಕಡಿಮೆ ಇರಲಿಲ್ಲ, ಕೆಲಸ ಮಾಡಲು ಜಾಗ ಬೇರೆಡೆ ಸಿಕ್ಕಿತು. ನಮ್ಮಲ್ಲಿ ಸಾಮಾನ್ಯವಾಗಿ ಒಂದು ಪ್ರಾಜೆಕ್ಟಿನ ಆಯುಷ್ಯ ಮೂರು ವರ್ಷ. ಒಂದು ದೀರ್ಘ ಪರೀಕ್ಷೆ ಎರಡು ಸಲ ಕೆಟ್ಟರೆ ಮೂರು ವರ್ಷ ಮುಗಿದೇ ಹೋಗುತ್ತದೆ.

ಇದರಿಂದ ಸಾಮಾನ್ಯ ಜನರಿಗೆ ಏನು ಸಿಗುತ್ತದೆ ಎಂದೂ ಹೇಳಬೇಕು. ಮಲ್ಪೆಯ ನಾಡದೋಣಿಯವರೊಬ್ಬರು ನಮ್ಮ ಕಾಲೇಜಿನ ವಸ್ತು ಪ್ರದರ್ಶನಕ್ಕೆ ಬಂದಿದ್ದರು. ಸೀಮೆಎಣ್ಣೆಗಾಗಿ ಪಡುವ ಪಾಡು ಹೇಳಿಕೊಂಡು, ದೋಣಿಗೆ ಬ್ಯಾಟರಿ ಮೋಟಾರ್ ಹಾಕಬಹುದಾ ಅಂತ ಕೇಳಿದರು. ಅವರ ಮುಂದೆಯೇ ಲೆಕ್ಕ ಹಾಕಿದೆ. 10 ಎಚ್‌ಪಿ ಎಂಜಿನ್ ಅಂದರೆ ಏಳೂವರೆ ಕಿಲೋವ್ಯಾಟ್. ಮೂರು ಗಂಟೆ ಪೂರ್ತಿ ಓಡಿಸಿದರೆ 22 ಯೂನಿಟ್ಟಿಗಿಂತ ಜಾಸ್ತಿ. ಈಗಿನ ಐರನ್ ಫಾಸ್ಫೇಟ್ ಸೆಲ್‌ಗಳಲ್ಲಿ ಅಷ್ಟು ಕೂಡಿಡಲು ಸೆಲ್‌ಗಳೇ ಸುಮಾರು 150 ಕೆಜಿ ತೂಗುತ್ತವೆ. ಸೋಡಿಯಂ ಆದರೆ ಇನ್ನೂ ಭಾರ. ಮೇಲೆ ಉಪ್ಪುನೀರು, ಅಲೆ, ಬಿಸಿಲು. ಆಗುವುದಿಲ್ಲ ಅಂತ ನಾನು ಅವರಿಗೆ ಹೇಳಲಿಲ್ಲ. ಮೋಟಾರು ಎಂಜಿನ್ನಿಗಿಂತ ಕಡಿಮೆ ವ್ಯರ್ಥ ಮಾಡುತ್ತದೆ, ದಡದ ಹತ್ತಿರದ ಮೀನುಗಾರಿಕೆಗೆ ಆಗಬಹುದು. ಆದರೆ ಯಾವ ಸೆಲ್ ಉಪ್ಪುಗಾಳಿಯಲ್ಲಿ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಈ ಕಡಲ ದಡದಲ್ಲೇ ಪರೀಕ್ಷಿಸಬೇಕು. ಬೇರೆ ದೇಶದವರು ಅವರ ಹವೆಗೆ ತಕ್ಕಂತೆ ಮಾಡಿದ್ದನ್ನು ತಂದು ಇಲ್ಲಿ ನೀರಿಗಿಳಿಸಿ, ಆಮೇಲೆ ಮೀನುಗಾರರ ದುಡ್ಡಿನಲ್ಲಿ ಪಾಠ ಕಲಿಯುವುದು ಬೇಡ. 2022ರಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆಯೇ ಸುರಕ್ಷತಾ ನಿಯಮ ಬಿಗಿ ಮಾಡಿದ್ದು. ಸೋಲಾರ್ ಹಾಕಿಸಿದ ಮನೆ, ಮಂಜುಗಡ್ಡೆ ಕಾರ್ಖಾನೆ, ಹಳ್ಳಿಯ ಆರೋಗ್ಯ ಕೇಂದ್ರ, ಇವಕ್ಕೆಲ್ಲ ತೂಕ ಲೆಕ್ಕಕ್ಕಿಲ್ಲ. ಒಂದು ಮೂಲೆಯಲ್ಲಿ ಕೂತಿರುವ ಬ್ಯಾಟರಿ ಸ್ವಲ್ಪ ಭಾರ ಇದ್ದರೇನು? ಅಗ್ಗ ಇರಬೇಕು, ಬಾಳಬೇಕು, ಬೆಂಕಿಯ ಭಯ ಕಡಿಮೆ ಇರಬೇಕು. ಸೋಡಿಯಂ ಮೊದಲು ಬರಬೇಕಾದ್ದು ಇಲ್ಲಿಗೇ.

ಮಾನ್ಯರೇ, ಇನ್ನು ನಮ್ಮ ಬೇಡಿಕೆ.

ಮುಖ್ಯವಾದದ್ದು ಒಂದೇ. ಎರಡೂ ಜಿಲ್ಲೆಗಳ ಸಂಶೋಧಕರಿಗೆ ಒಂದು ಸಾಮಾನ್ಯ ಕೇಂದ್ರ ಬೇಕು. ಅದರಲ್ಲಿ ಒಂದು ಸಣ್ಣ ಡ್ರೈ ರೂಮ್, ಪೌಚ್ ಸೆಲ್ ಮಾಡುವ ಸಣ್ಣ ಸಾಲು, ಕೆಜಿ ಅಳತೆಯಲ್ಲಿ ಇಂಗಾಲ ಸುಡುವ ಒಂದು ಕುಲುಮೆ, ಮತ್ತು ದೀರ್ಘ ಪರೀಕ್ಷೆಗೆಂದೇ ಮೀಸಲಾದ ನೂರಾರು ಚಾನೆಲ್‌ಗಳು. ಒಂದು ಗಳಿಗೆಯೂ ಕರೆಂಟು ನಿಲ್ಲದ ವ್ಯವಸ್ಥೆ. ಮಂಗಳೂರಿಗಾ ಉಡುಪಿಗಾ ಅನ್ನುವ ಜಗಳ ದಯವಿಟ್ಟು ಬೇಡ. ಸುರತ್ಕಲ್, ಕೊಣಾಜೆ, ಮಣಿಪಾಲ, ಎಲ್ಲಿ ಬೇಗ ಜಾಗ ಸಿಗುತ್ತದೋ ಅಲ್ಲಿ ಆಗಲಿ. ಆದರೆ ಅದು ಯಾರ ಅಂಗಳದಲ್ಲಿ ಕಟ್ಟಿದರೂ ಅರ್ಧದಷ್ಟು ಚಾನೆಲ್‌ಗಳು ಹೊರಗಿನ ಕಾಲೇಜುಗಳಿಗೆ ಎಂಬುದು ನಿಯಮದಲ್ಲೇ ಬರೆದಿರಬೇಕು. ಬಾಯಿಮಾತಿನ ಭರವಸೆ ಸಾಲದು. ಯಂತ್ರದ ಜೊತೆಗೆ ಅದನ್ನು ನಡೆಸುವ ಖಾಯಂ ತಂತ್ರಜ್ಞರ ಹುದ್ದೆಗಳೂ ಮಂಜೂರಾಗಬೇಕು. ನಮ್ಮಲ್ಲಿ ಯಂತ್ರ ಕೊಳ್ಳಲು ಹಣ ಸಿಗುತ್ತದೆ, ನಡೆಸುವವರ ಸಂಬಳಕ್ಕೆ ಸಿಗುವುದಿಲ್ಲ. ವಾರಂಟಿ ಮುಗಿದ ಮೇಲೆ ಪ್ಲಾಸ್ಟಿಕ್ ಹೊದಿಸಿ ಮೂಲೆಗೆ ಇಟ್ಟ ಯಂತ್ರಗಳು ಎಷ್ಟು ಕಾಲೇಜುಗಳಲ್ಲಿಲ್ಲ!

ಹಣ ಎಲ್ಲಿಂದ ಅಂತ ಕೇಳುತ್ತೀರಿ. ರಾಜ್ಯ ಬಜೆಟ್ಟಿನಿಂದ ಒಂದು ಪಾಲು. 2023ರ ಕಾಯ್ದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಿಂದ ಒಂದು ಪಾಲು ಕೇಳಬಹುದು, ಸಂಸದರು ಮನಸ್ಸು ಮಾಡಬೇಕು. ಇನ್ನೊಂದು ಪಾಲು ನಮ್ಮ ಜಿಲ್ಲೆಗಳ ದೊಡ್ಡ ಉದ್ಯಮಗಳ ಸಿಎಸ್‌ಆರ್ ಹಣ. ಲಾಭದ ಶೇ 2ರಷ್ಟು ಸಮಾಜಕ್ಕೆ ಖರ್ಚು ಮಾಡಬೇಕೆಂಬ ನಿಯಮದಲ್ಲಿ ಸರ್ಕಾರಿ ವಿಶ್ವವಿದ್ಯಾನಿಲಯಗಳ ಸಂಶೋಧನೆಗೂ ಕೊಡಬಹುದು ಅಂತ 2019ರಲ್ಲೇ ಸೇರಿಸಲಾಗಿದೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್ ಹುಟ್ಟಿದವು. ಆಮೇಲೆ ಕರ್ಣಾಟಕ ಬ್ಯಾಂಕ್, ಸಿಂಡಿಕೇಟ್, ವಿಜಯಾ. ಅಂಥ ಜನ ಸೇರಿ ಒಂದು ಪರೀಕ್ಷಾ ಕೇಂದ್ರ ಕಟ್ಟಲಾರೆವಾ?

ಸಂಸದರಲ್ಲಿ ಇನ್ನೊಂದು ಕೋರಿಕೆ. ಸಂಶೋಧನಾ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಉಪಕರಣಗಳಿಗೆ ಮೊದಲು ಶೇ 5ರ ರಿಯಾಯಿತಿ ಜಿಎಸ್‌ಟಿ ಇತ್ತು. 2022ರ ಜುಲೈ 18ರಿಂದ ಆ ರಿಯಾಯಿತಿ ಹೋಗಿ ಬಹುಪಾಲು ಉಪಕರಣಗಳಿಗೆ ಶೇ 18 ಆಯಿತು. ಒಂದು ಕೈಯಲ್ಲಿ ಸರ್ಕಾರ ಕೊಟ್ಟ ಅನುದಾನ ಇನ್ನೊಂದು ಕೈಯಲ್ಲಿ ಸರ್ಕಾರಕ್ಕೇ ವಾಪಸ್ ಹೋಗುತ್ತಿದೆ. ಇದನ್ನು ಸಂಸತ್ತಿನಲ್ಲಿ ಎತ್ತಬೇಕು. ಅನುದಾನವನ್ನು ವರ್ಷದ ಶುರುವಿನಲ್ಲೇ ಕೊಡಿ, ಉಳಿದದ್ದನ್ನು ಮುಂದಿನ ವರ್ಷಕ್ಕೆ ಒಯ್ಯಲು ಬಿಡಿ, ಫೆಲೋಶಿಪ್ ತಿಂಗಳ ಕೊನೆಗೆ ಸಂಬಳದ ಹಾಗೆ ಖಾತೆಗೆ ಬೀಳಲಿ. ಇವಕ್ಕೆ ಹೊಸ ಹಣವೇ ಬೇಡ, ಒಂದು ಆದೇಶ ಸಾಕು.

ಅಡಿಕೆಯ ಸಹಕಾರಿ ಸಂಸ್ಥೆ, ಗೇರು ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರಗಳು, ಕಾಲೇಜುಗಳ ರಸಾಯನಶಾಸ್ತ್ರ ವಿಭಾಗಗಳು, ಬಂದರು ಮತ್ತು ರಿಫೈನರಿಯವರು, ಮೀನುಗಾರರ ಸಂಘಗಳು, ಇವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸುವ ಅಧಿಕಾರ ನಮಗಿಲ್ಲ, ತಮಗಿದೆ. ಮುಂದಿನ ರಾಜ್ಯ ಬಜೆಟ್ಟಿನ ಇಲಾಖಾ ಸಭೆಗಳು ಶುರುವಾಗುವ ಮೊದಲು ಅಂಥ ಒಂದು ಸಭೆ ಕರೆಯಿರಿ. ಪಿಎಚ್‌ಡಿ ಮಕ್ಕಳನ್ನೂ ಕರೆಯಿರಿ, ಅವರು ಮಾತನಾಡಲಿ. ಎಷ್ಟು ಚಾನೆಲ್ ಬೇಕು, ಎಷ್ಟು ಕರೆಂಟು ಬೇಕು, ಎಷ್ಟು ಸಿಪ್ಪೆ ಎಲ್ಲಿಂದ ಬರುತ್ತದೆ ಎಂಬ ಲೆಕ್ಕಗಳನ್ನು ಬೇರೆ ಕಾಲೇಜುಗಳ ಅಧ್ಯಾಪಕರ ಜೊತೆ ಸೇರಿ ನಾವೇ ಮಾಡಿಕೊಂಡು ಬರುತ್ತೇವೆ. ದಿನಾಂಕವನ್ನು ತಾವು ತಿಳಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಉಡುಪಿ ಜಿಲ್ಲೆಯ ಒಬ್ಬ ರಸಾಯನಶಾಸ್ತ್ರ ಅಧ್ಯಾಪಕಿ